ಬೆನ್ನು ನೋಡುವ ಹೊತ್ತು

ಮಾರ್ಚ್ ೩, ಸೋಮವಾರ

ಥೂ! ಮನೆಗೆ ಬಂದು ಕೈ ತೊಳೆದೆ, ಮುಖ ತೊಳೆದೆ, ಸೀರೆ ಬದಲಿಸಿದೆ. ಆದರೂ ಮೂಗಿನಿಂದ ಆ ಲಿಂಬೆ ವಾಸನೆ ಹೋಗುತ್ತಿಲ್ಲ. ನಿಜವಾದ ಲಿಂಬೆಹಣ್ಣಿನದಾಗಿದ್ದರೆ ಬೇರೆ ಮಾತು. ಇದು ಬಚ್ಚಲಿಗೆ ಹೊಡೆಯುವ ಡಬ್ಬಿಯ ಲಿಂಬೆ. ಆಸ್ಪತ್ರೆಯ ಮೇಲ್ಮಹಡಿಯ ಮೀಟಿಂಗ್ ರೂಮಿನ ಬಾಗಿಲ ಮೇಲೆ ಒಂದು ಯಂತ್ರ ಕೂರಿಸಿದ್ದಾರೆ, ಅದು ಆಗಾಗ ಪುಸ್ಸೆಂದು ಉಗುಳುತ್ತದೆ. ವಾರ್ಡಿನಲ್ಲಿ ಕೀವು, ವಾಂತಿ, ಹೇಲು, ಉಚ್ಚೆ ಎಲ್ಲ ಬಾಚಿ, ಕೈ ತೊಳೆದು, ನಿಂತಲ್ಲೇ ಬ್ರೆಡ್ ತಿನ್ನುವವಳು ನಾನು. ಅಂಥವಳಿಗೆ ಹೊಟ್ಟೆ ತೊಳಸಿದ್ದು ಅಲ್ಲಿ.

ಇವತ್ತಿನಿಂದ ಮಾತುಕತೆ ಶುರು. ನರ್ಸ್‌ಗಳ ಸಂಘ ಆಡಳಿತದ ಜೊತೆ ಮಾಡಿಕೊಂಡಿದ್ದ ಹಳೆಯ ಒಪ್ಪಂದದ ಅವಧಿ ಮುಗಿದಿದೆ, ಹೊಸದು ಆಗಬೇಕು. ನಮ್ಮ ಕಡೆಯಿಂದ ಸಂಘದ ಅಧ್ಯಕ್ಷೆ, ಆಪರೇಷನ್ ಥಿಯೇಟರಿನ ಗುಡುಗಮ್ಮನವರು. ಅವರು ಪಿಸುಗುಟ್ಟಿದರೂ ಕೆಳಗಿನ ಮಹಡಿಗೆ ಕೇಳಿಸುತ್ತದೆ, ಅದಕ್ಕೇ ಆ ಹೆಸರು. ಅವರ ಪಕ್ಕದಲ್ಲಿ ಮೂಳೆ ವಾರ್ಡಿನ ಹಿರಿಯಳೆಂದು ನಾನು. ಆ ಕಡೆಯಿಂದ ಆಡಳಿತದ ಮ್ಯಾನೇಜರ್. ಅವನ ಮಾತು ಕೇಳಿದ ಐದು ನಿಮಿಷಕ್ಕೇ ನಾನು ಜೇನುತುಪ್ಪ ಅಂತ ಹೆಸರಿಟ್ಟೆ. "ಬನ್ನಿ ಮೇಡಂ, ಕೂತ್ಕೊಳ್ಳಿ ಮೇಡಂ" ಎಂದು ಕೈ ಕುಲುಕಿದ. ಮೇಡಂ ಅಂತೆ ಮೇಡಂ! ಕುಲುಕಿ ಕೂತವನೇ ಮೇಜಿನ ಮೇಲಿದ್ದ ಪ್ಯಾಕೆಟ್ಟಿನಿಂದ ಒದ್ದೆ ಟಿಶ್ಯೂ ಒಂದನ್ನು ಎಳೆದು ಒಂದೊಂದೇ ಬೆರಳನ್ನು ಒರೆಸಿಕೊಂಡ. ನಮ್ಮೆದುರಿಗೇ! ಅದೂ ಲಿಂಬೆ ವಾಸನೆಯದ್ದೇ. ನಮ್ಮ ಕೈಗೆ ಏನು ಕುಷ್ಠ ಹತ್ತಿದೆಯೇ? ಸಾಬೂನು ಹಾಕಿ ತಿಕ್ಕಿ ತಿಕ್ಕಿ ನಮ್ಮ ಕೈ ಸಿಪ್ಪೆ ಎದ್ದಿದೆ, ಅವನ ಅಪ್ಪನ ಕೈಯೂ ಅಷ್ಟು ಚೊಕ್ಕವಾಗಿರಲಿಕ್ಕಿಲ್ಲ.

ನಾವು ಮುಖ್ಯವಾಗಿ ಕೇಳುವುದು ಒಂದೇ: ಕಡ್ಡಾಯದ ಡಬಲ್ ಡ್ಯೂಟಿ ನಿಲ್ಲಬೇಕು. ಮುಂದಿನ ಪಾಳಿಯವಳು ಬರದಿದ್ದರೆ ಹಿಂದಿನವಳನ್ನೇ ಹಿಡಿದು ಇನ್ನೊಂದು ಪಾಳಿ ದುಡಿಸುತ್ತಾರೆ. ಬೇರೆ ನರ್ಸ್‌ಗಳನ್ನು ತೆಗೆದುಕೊಳ್ಳಿ ಎಂದರೆ ಕಿವಿ ಕೇಳಿಸುವುದಿಲ್ಲ. ಅವರು ಕೇಳುವುದೂ ಒಂದೇ. ಪಾಳಿ ಬದಲಾಗುವಾಗ ಹೋಗುವವರು, ಬಂದವರು ಇಬ್ಬರೂ ವಾರ್ಡಿನಲ್ಲಿರುವ ಅರ್ಧ ಗಂಟೆ ಇದೆಯಲ್ಲ, ನಮ್ಮ ಹ್ಯಾಂಡೋವರ್ ಹೊತ್ತು, ಅದನ್ನು ಕಿತ್ತುಹಾಕಬೇಕಂತೆ. "ಒಂದೇ ಕೆಲ್ಸಕ್ಕೆ ಇಬ್ರು ಯಾಕೆ ಮೇಡಂ? ಹೇಳ್ಬೇಕಾದ್ದನ್ನ ಟ್ಯಾಬ್‌ನಲ್ಲಿ ಹಾಕಿ ಹೊರಡಿ, ಬಂದೋರು ಓದ್ಕೋತಾರೆ" ಎಂದ.

ಹಿಂದೊಮ್ಮೆ ಹ್ಯಾಂಡೋವರ್ ತಪ್ಪಿಸಿದ ದಿನವೇ ಮುದುಕಿಯೊಬ್ಬಳಿಗೆ ಒಂದೇ ಇಂಜೆಕ್ಷನ್ ಎರಡು ಸಲ ಬಿದ್ದದ್ದನ್ನು ಗುಡುಗಮ್ಮನವರು ಹೇಳಿದರು. ಜೇನುತುಪ್ಪ ತಲೆ ಓರೆ ಮಾಡಿಕೊಂಡು ಪಾಪ ಪಾಪ ಎಂದು ಕೇಳಿಸಿಕೊಂಡ. "ಬೇಜಾರಾಗತ್ತೆ ಮೇಡಂ. ಆದ್ರೆ ಒಂದು ಕೇಸ್ ಇಟ್ಕೊಂಡು ಪಾಲಿಸಿ ಮಾಡೋಕಾಗಲ್ಲ ಅಲ್ವಾ?" ಎಂದ. ನನಗೆ ಪಿತ್ತ ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಗುಡುಗಮ್ಮನವರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಅಲ್ಲಿ ಉಗುಳಲಾಗದ್ದನ್ನು ಇಲ್ಲಿ ಕಾರಿಕೊಳ್ಳೋಣವೆಂದು ಬರೆಯಲು ಕೂತಿದ್ದೇನೆ.

ಮಾರ್ಚ್ ೪, ಮಂಗಳವಾರ

ಇವತ್ತು ವಾರ್ಡ್. ಸದ್ಯ, ಮನುಷ್ಯರ ವಾಸನೆ.

ಬೆಳಗಿನ ಪಾಳಿ ನನ್ನದು, ಮಧ್ಯಾಹ್ನದ್ದು ತಂಗಿಯದು. ಒಂದೇ ಮನೆಯಲ್ಲಿದ್ದರೂ ನಾವಿಬ್ಬರೂ ಸರಿಯಾಗಿ ಮುಖ ನೋಡುವುದು ಹ್ಯಾಂಡೋವರ್ ಹೊತ್ತಿನಲ್ಲೇ. ಮದುವೆಯ ಮಾತೆತ್ತಿದರೆ ಎದ್ದು ಹೋಗುವ ಹುಡುಗಿ, ಹಾಸಿಗೆ ಹಿಡಿದವರ ಮುಂದೆ ಮಾತ್ರ ಗಂಟೆಗಟ್ಟಲೆ ನಿಲ್ಲುತ್ತಾಳೆ. ಇವತ್ತೂ ಹಾಸಿಗೆಯಿಂದ ಹಾಸಿಗೆಗೆ ಹೋದೆವು. ಕಿಟಕಿ ಪಕ್ಕದ ಕಂಡಕ್ಟರ್ ಕೊನೆಗೆ.

ಕಂಡಕ್ಟರ್ ಎಂದರೆ ನಿಜಕ್ಕೂ ಬಸ್ ಕಂಡಕ್ಟರ್. ಚಲಿಸುವ ಬಸ್ಸಿನ ಹಿಂಬಾಗಿಲಿನಿಂದ ಬಿದ್ದು ಬೆನ್ನುಹುರಿ ಹೋಗಿದೆ, ಸೊಂಟದಿಂದ ಕೆಳಗೆ ಚುಚ್ಚಿದರೂ ತಿಳಿಯುವುದಿಲ್ಲ. ಬಾಯಿಗೇನೂ ಆಗಿಲ್ಲ. ನಾವಿಬ್ಬರೂ ಆಚೆಗೊಬ್ಬರು ಈಚೆಗೊಬ್ಬರು ನಿಂತ ಕೂಡಲೇ "ಹೋಲ್ಡಾನ್!" ಎಂದು ಕೂಗುತ್ತಾನೆ. ಆನೆಯಂಥ ಆಳು. ನಾನು ಭುಜಕ್ಕೂ ಸೊಂಟಕ್ಕೂ ಎರಡು ಕೈ ಕೊಟ್ಟು ನನ್ನ ಕಡೆ ಹೊರಳಿಸಿ ಹಿಡಿದುಕೊಳ್ಳಬೇಕು, ಆಗ ತಂಗಿ ಹಿಂದಿನಿಂದ ಬೆನ್ನು, ಸೊಂಟದ ಮೂಳೆ, ಹಿಮ್ಮಡಿ ಎಲ್ಲ ನೋಡಿ, ಒತ್ತಿ, ಪುಡಿ ಹಾಕಿ, ಶೀಟ್ ಎಳೆದು ಸುಕ್ಕು ತೆಗೆಯಬೇಕು. ಒಬ್ಬಳ ಕೈಯಲ್ಲಿ ಆಗದು. ಒಬ್ಬಳೇ ಹೊರಳಿಸಿದರೆ ಹಿಡಿಯುವುದೇ ಆಗುತ್ತದೆ, ನೋಡುವುದಾಗುವುದಿಲ್ಲ. ಅದಕ್ಕೇ ಯಾವ ಕಾಲದಿಂದಲೋ ಹ್ಯಾಂಡೋವರ್‌ನಲ್ಲೇ ಬೆನ್ನು ನೋಡುವುದು ನಮ್ಮ ಪದ್ಧತಿ. ದಿನದಲ್ಲಿ ಆ ಹೊತ್ತಿಗೆ ಮಾತ್ರ ಒಂದು ಹಾಸಿಗೆಗೆ ಇಬ್ಬರು ಸಿಗುತ್ತೇವೆ.

"ಬೆನ್ನು ಹೆಂಗಿದೆ ಸಿಸ್ಟರ್?" ಎಂದ.

"ಮಗುವಿನ ಕೆನ್ನೆ ಇದ್ದ ಹಾಗಿದೆ" ಎಂದಳು ತಂಗಿ.

"ಹಂಗಾದ್ರೆ ರೈಟ್! ರೈಟ್!" ಎಂದು ಕೂಗಿದ. ಪಕ್ಕದ ಹಾಸಿಗೆಯವರೆಲ್ಲ ನಕ್ಕರು. ಅವನಿಗೆ ಒಂದೇ ಧ್ಯಾನ. ಚರ್ಮ ಹೀಗೇ ಇದ್ದರೆ ಬರುವ ತಿಂಗಳು ಗಾಲಿಕುರ್ಚಿಯಲ್ಲಿ ಕೂರುವುದು ಕಲಿಸಿ ಮನೆಗೆ ಕಳಿಸುತ್ತಾರೆ. ಮನೆ ಮುಂದೆಯೇ ಬಸ್ ಹೋಗುತ್ತದಂತೆ. ಬಾಗಿಲಲ್ಲಿ ಕೂತು ಯಾವ ಡ್ರೈವರ್ ಎಷ್ಟು ಲೇಟು ಅಂತ ಉಗಿಯುತ್ತಾನಂತೆ. ಮಲಗಿ ಮಲಗಿ ಬೆನ್ನಿನಲ್ಲೊಂದು ಹುಣ್ಣಾಯಿತೋ, ಕೂರುವ ಮಾತಿಲ್ಲ, ತಿಂಗಳುಗಟ್ಟಲೆ ಕವುಚಿ ಮಲಗಬೇಕು. ಅವನಿಗೆ ಗೊತ್ತಾಗುವುದೂ ಇಲ್ಲ, ನಾವೇ ನೋಡಿ ಹೇಳಬೇಕು.

ಇದನ್ನು ಆ ಜೇನುತುಪ್ಪ ಟ್ಯಾಬ್‌ನಲ್ಲಿ ಓದಿಕೊಳ್ಳಿ ಎನ್ನುತ್ತಾನೆ. ಅವನ ಮುಖಕ್ಕಿಷ್ಟು.

ಮಾರ್ಚ್ ೧೧, ಮಂಗಳವಾರ

ಮತ್ತೆ ಲಿಂಬೆ. ಇವತ್ತು ಜೇನುತುಪ್ಪ ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ ಬಿಟ್ಟು ತೋರಿಸಿದ. ನಮ್ಮ ಹ್ಯಾಂಡೋವರ್ ಹೊತ್ತಿಗೆ ಬೂದು ಬಣ್ಣ, ಅದರ ಕೆಳಗೆ 'ಉತ್ಪಾದಕವಲ್ಲದ ಸಮಯ' ಅಂತ ಬರೆಸಿದ್ದಾನೆ. ನಾವು ಏನು ಬಿಸ್ಕತ್ತು ಫ್ಯಾಕ್ಟರಿಯವರೇ? ಗುಡುಗಮ್ಮನವರು ಗುಡುಗಿದರು. ಅವರು ಗುಡುಗಿದಷ್ಟೂ ಅವನು ನಗುತ್ತಾನೆ. ಕೊನೆಗೆ ನಾನೇ ಬಾಯಿ ಬಿಟ್ಟೆ. ಬೆನ್ನು ನೋಡುವುದೆಂದರೇನು, ಯಾಕೆ ಇಬ್ಬರು ಬೇಕು, ಹುಣ್ಣು ಒಳಗಿನಿಂದ ಹೇಗೆ ಕೊಳೆಯುತ್ತದೆ, ಬಾಗಿಲಲ್ಲಿ ನಿಂತರೇ ಅದರ ವಾಸನೆ ನಮಗೆ ಹೇಗೆ ತಿಳಿಯುತ್ತದೆ, ಎಲ್ಲ ಬಿಡಿಸಿ ಹೇಳಿದೆ. ತಿನ್ನಲೆಂದು ಎತ್ತಿಕೊಂಡಿದ್ದ ಬಿಸ್ಕತ್ತು ಅವನ ಕೈಯಲ್ಲೇ ಉಳಿಯಿತು.

ಎದ್ದು ಬರುವಾಗ ಬಾಗಿಲವರೆಗೆ ಬಂದ. "ಮೇಡಂ, ಇಷ್ಟು ದಿನದಲ್ಲಿ ನಂಗೆ ವಿಷಯ ಅರ್ಥ ಆಗೋ ಹಾಗೆ ಹೇಳಿದ್ದು ನೀವೊಬ್ರೇ" ಎಂದ.

ನನ್ನ ಮೂಗಿಗೆ ತುಪ್ಪ ಸವರಲು ಬಂದಿದ್ದಾನೆ. ಅಷ್ಟಕ್ಕೆ ಬೀಳುವವಳಲ್ಲ ನಾನು. ಆದರೆ ಕೇಳಿಸಿಕೊಂಡದ್ದಂತೂ ನಿಜ.

ಮಾರ್ಚ್ ೧೪, ಶುಕ್ರವಾರ

ನಿನ್ನೆ ತಂಗಿಗೆ ಮತ್ತೆ ಡಬಲ್ ಡ್ಯೂಟಿ. ಬೆಳಿಗ್ಗೆ ಮನೆಗೆ ಬಂದವಳು ಊಟದ ತಟ್ಟೆ ಮುಂದಿಟ್ಟುಕೊಂಡು ಕೂತಲ್ಲೇ ನಿದ್ದೆ ಹೋದಳು. ಬಾಯಲ್ಲಿ ತುತ್ತು ಹಾಗೇ ಇತ್ತು. ಬೆರಳು ಹಾಕಿ ತೆಗೆದೆ, ಗಂಟಲಿಗೆ ಸಿಕ್ಕಿಕೊಂಡರೆ ಏನು ಗತಿ? ನಮ್ಮ ಮನೆಯವರು ಲಿಫ್ಟ್ ರಿಪೇರಿ ಮಾಡುವವರು, ಅವರಿಗೂ ಕೆಲಸದ ಹೊತ್ತಿಗೆ ಲೆಕ್ಕವಿಲ್ಲ. ಆದರೂ "ಇದೇನೇ ಇದು, ಜೀತದಾಳಿಗಿಂತ ಕಡೆ" ಎಂದರು. ಅವಳ ಕಾಲಿನ ಶೂ ಬಿಚ್ಚಿದರೆ ಕಾಲು ಊದಿಕೊಂಡು ಕಾಲುಚೀಲದ ಗೆರೆ ಅಚ್ಚೊತ್ತಿತ್ತು. ಅಸಹ್ಯ! ಒಂದು ಹುಡುಗಿಯನ್ನು ಹಿಂಡಿ ಹಿಪ್ಪೆ ಮಾಡಿ, ಮೇಲೆ ಕೂತು ಲಿಂಬೆ ವಾಸನೆ ಹೊಡೆದುಕೊಳ್ಳುತ್ತಾರೆ. ಏನೇ ಆಗಲಿ, ಈ ಡಬಲ್ ಡ್ಯೂಟಿ ತೆಗೆಸದೆ ನಾನು ಆ ಮೇಜಿನಿಂದ ಏಳುವುದಿಲ್ಲ.

ಮಾರ್ಚ್ ೨೦, ಗುರುವಾರ

ಗುಡುಗಮ್ಮ ಇವತ್ತು ಮೇಜು ಬಡಿದು ಎದ್ದು ಹೋದರು. ಮ್ಯಾನೇಜರ್ ಹೇಳಿದ್ದು ಇಷ್ಟೇ: ಡಬಲ್ ಡ್ಯೂಟಿ ಪೂರ್ತಿ ತೆಗೆಯುತ್ತೇವೆ, ಬರೆದು ಕೊಡುತ್ತೇವೆ, ಆ ಅರ್ಧ ಗಂಟೆ ಬಿಡಿ. "ಒಂದು ಕಣ್ಣು ಕಿತ್ಕೊಂಡು ಕನ್ನಡಕ ಕೊಡ್ತೀರಾ?" ಎಂದು ಕೂಗಿ ಹೊರಟೇ ಹೋದರು. ನಾನೂ ಏಳಬೇಕಿತ್ತು. ಆದರೆ ಯಾರಾದರೂ ಒಬ್ಬರು ಕೂತು ಕೇಳಬೇಕಲ್ಲ. ಕೂಗಾಡಿ ಏನು ಸಿಕ್ಕಿದೆ ಇಷ್ಟು ವರ್ಷ?

ಮ್ಯಾನೇಜರ್ ಟೀ ತರಿಸಿದರು. ಪಿಂಗಾಣಿ ಕಪ್ಪು, ಬಿಸಿ ಇತ್ತು. ವಾರ್ಡಿನಲ್ಲಿ ನಾನು ಬಿಸಿ ಟೀ ಕುಡಿದು ಯಾವ ಕಾಲವಾಯಿತೋ. "ನೋಡಿ ಮೇಡಂ, ನನ್ನ ಮೇಲೂ ಒತ್ತಡ ಇದೆ. ಬೆನ್ನು ನೋಡೋ ವಿಷ್ಯ ನೀವು ಹೇಳಿದ್ರಲ್ಲ, ಅದಕ್ಕೇ ಟ್ಯಾಬ್‌ನಲ್ಲಿ ಒಂದು ಜಾಗ ಮಾಡ್ಸಿದೀನಿ. ಯಾರೂ ಮರೆಯೋ ಹಾಗೇ ಇಲ್ಲ" ಎಂದರು. ನನ್ನ ಮಾತಿನಿಂದ ಮಾಡಿಸಿದ್ದು! ಗುಡುಗಮ್ಮನ ಗಂಟಲಿನಿಂದ ಆಗದ್ದು.

ಜಾಗ ಮಾಡಿಸಿದರೆ ಕೈ ಎಲ್ಲಿಂದ ಬರುತ್ತದೆ ಎಂದು ಕೇಳಬೇಕೆಂದಿದ್ದೆ. ಮಾತು ಬೇರೆ ಕಡೆ ಹೋಯಿತು. ಬರುವ ಸಲ ಕೇಳಬೇಕು.

ಆ ಲಿಂಬೆಯ ಯಂತ್ರ ಕೆಟ್ಟಿದೆಯೋ ಏನೋ, ಇವತ್ತು ಅಷ್ಟು ಗೊತ್ತಾಗಲಿಲ್ಲ.

ಮಾರ್ಚ್ ೨೪, ಸೋಮವಾರ

ಮೊದಲು ಒಂದೇ ವಾರ್ಡಿನಲ್ಲಿ ಪ್ರಯೋಗ ಮಾಡಿ ನೋಡೋಣ, ಸರಿಹೋಗದಿದ್ದರೆ ಬಿಟ್ಟುಬಿಡೋಣ ಎಂದರು ಮ್ಯಾನೇಜರ್. ಇದರಲ್ಲಿ ತಪ್ಪೇನು? ಗುಡುಗಮ್ಮ ಮುಖ ಊದಿಸಿಕೊಂಡು ಕೂತಿದ್ದರು. ಯಾವ ವಾರ್ಡ್ ಎಂಬ ಮಾತು ಬಂತು. "ಹೊಸ ಹುಡುಗೀರಿರೋ ಕಡೆ ಕಷ್ಟ ಆಗ್ಬಹುದು. ತುಂಬ ಶಿಸ್ತಿರೋ ವಾರ್ಡ್ ಯಾವ್ದು ಮೇಡಂ ನಿಮ್ಮಲ್ಲಿ?" ಎಂದು ಕೇಳಿದರು.

"ನಮ್ದೇ" ಎಂದೆ. ಇನ್ನೇನು ಹೇಳಲಿ? ಸುಳ್ಳು ಹೇಳಲಾ? ನಮ್ಮ ವಾರ್ಡಿನಲ್ಲಿ ಬೆಡ್‌ಸೋರ್ ಆಗಿ ಎಷ್ಟು ಕಾಲವಾಯಿತೆಂದು ಇಡೀ ಆಸ್ಪತ್ರೆಗೆ ಗೊತ್ತು. ಗುಡುಗಮ್ಮ ನನ್ನನ್ನೇ ನೋಡಿದರು, ಈ ಸಲ ಕಾಲು ತುಳಿಯಲಿಲ್ಲ.

ಮನೆಗೆ ಬಂದು ತಂಗಿಗೆ ಹೇಳಿದೆ. ಒಗೆದ ಬಟ್ಟೆ ಮಡಿಸುತ್ತಿದ್ದಳು. "ನಿಂಗೇನ್ ತಲೆ ಕೆಟ್ಟಿದ್ಯಾ ಅಕ್ಕ? ಕಂಡಕ್ಟರ್‌ನ ನಾನೊಬ್ಳೇ ಹೆಂಗೆ ಹೊರಳಿಸ್ಲಿ?" ಎಂದಳು.

"ಆಯಾನ ಕರ್ಕೋ."

"ಆಯಾ ಒಬ್ಳು, ವಾರ್ಡ್ ಎರಡು. ನಿಂಗೆ ಗೊತ್ತಿಲ್ವಾ ಅದು?"

"ಸ್ವಲ್ಪ ದಿನ ತಾನೇ? ಡಬಲ್ ಡ್ಯೂಟಿ ಹೋಗತ್ತೆ ಕಣೇ. ನಿನಗೋಸ್ಕರಾನೇ ಮಾಡ್ತಿರೋದು."

ಅವಳು ನನ್ನ ಬಟ್ಟೆ ಮಾತ್ರ ಮಡಿಸದೆ ಹಾಗೇ ಬಿಟ್ಟು ಎದ್ದು ಹೋದಳು. ಚಿಕ್ಕಂದಿನಿಂದ ಇದೇ ಗುಣ.

ಏಪ್ರಿಲ್ ೧, ಮಂಗಳವಾರ

ಮಾತುಕತೆ ಮುಗಿಯುವ ತನಕ ನನಗೆ ವಾರ್ಡ್ ಡ್ಯೂಟಿ ಬೇಡವೆಂದು ಮ್ಯಾನೇಜರ್ ಸಾಹೇಬರೇ ಏರ್ಪಾಡು ಮಾಡಿದ್ದಾರೆ. ಒಪ್ಪಂದದ ಒಂದೊಂದು ಸಾಲನ್ನೂ ಕೂತು ನೋಡಬೇಕಲ್ಲ, ಎರಡೂ ಕಡೆ ಓಡಾಡಲು ನನಗೇನು ನಾಲ್ಕು ಕಾಲಿವೆಯೇ? ಮೀಟಿಂಗ್ ರೂಮಿನಲ್ಲಿ ನನ್ನದೇ ಒಂದು ಕುರ್ಚಿ ಅಂತಾಗಿದೆ. ಲಿಂಬೆ ಟಿಶ್ಯೂವಿನ ಒಂದು ಪ್ಯಾಕೆಟ್ ನನಗೂ ಕೊಟ್ಟರು. ಒಳ್ಳೆಯದೇ, ಕಾಗದ ಮುಟ್ಟಿ ಮುಟ್ಟಿ ಕೈಯೆಲ್ಲ ಧೂಳು.

ಬೀರುವಿನಲ್ಲಿ ಬಿಟ್ಟಿದ್ದ ಚಪ್ಪಲಿ ತರಲು ವಾರ್ಡಿಗೆ ಹೋಗಿದ್ದೆ. ಒಳಗೆ ಕಾಲಿಟ್ಟರೆ ಗಪ್ಪೆಂದು ಮುಖಕ್ಕೆ ಬಡಿಯಿತು. ಏನು ವಾಸನೆ ಅದು! ಕಿಟಕಿ ತೆಗೆಯುವುದಿಲ್ಲ, ಬೆಡ್‌ಪ್ಯಾನ್ ಹೊತ್ತಿಗೆ ಸರಿಯಾಗಿ ಎತ್ತುವುದಿಲ್ಲ. ನಾನಿದ್ದಾಗ ಹೀಗಿರಲಿಲ್ಲ. ಆಯಾಗೆ ಎರಡು ಮಾತು ಅಂದೆ. ಅವಳು ಪೊರಕೆ ಹಿಡಿದುಕೊಂಡು ನನ್ನನ್ನೇ ಪಿಳಿಪಿಳಿ ನೋಡಿದಳು.

"ಏನ್ ಸಿಸ್ಟರ್, ನಮ್ಮ ರೂಟ್ ಬಿಟ್ಬಿಟ್ರಾ?" ಎಂದು ಕಿಟಕಿ ಕಡೆಯಿಂದ ಕಂಡಕ್ಟರ್ ಕೂಗಿದ. "ಡಿಪೋ ಮ್ಯಾನೇಜರ್ ಆದ್ರಾ? ಬನ್ನಿ, ಒಂದ್ಸಲ ಬೆನ್ನು ನೋಡಿ ಹೋಗಿ. ಯಾಕೋ ಈಗ ಬೆವ್ರು ಜಾಸ್ತಿ ಬರ್ತಿದೆ."

ಲಿಫ್ಟಿನ ಹತ್ತಿರ ಸಾಹೇಬರು ಕಾಯುತ್ತಿದ್ದರು. "ಆಮೇಲ್ ಬರ್ತೀನಪ್ಪ" ಎಂದು ಕೈ ಬೀಸಿ ಬಂದೆ. ಹಿಂದಿನಿಂದ ಆಯಾ "ಸಿಸ್ಟರ್, ನಿಮ್ ಚಪ್ಲಿ!" ಎಂದು ಇಡೀ ಕಾರಿಡಾರಿಗೆ ಕೇಳುವಂತೆ ಕೂಗಿಕೊಂಡು ಓಡಿ ಬಂದಳು. ಸಾಹೇಬರ ಎದುರಿಗೆ ಆ ಹಳೇ ಚಪ್ಪಲಿಯನ್ನು ಕೈಗೆ ತುರುಕಿದಳು. ಮೈಯೆಲ್ಲ ಮುದುಡಿ ಹೋಯಿತು.

ಏಪ್ರಿಲ್ ೪, ಶುಕ್ರವಾರ

ಒಪ್ಪಂದ ಹೆಚ್ಚುಕಡಿಮೆ ಮುಗಿದಂತೆ. ಡಬಲ್ ಡ್ಯೂಟಿ ರದ್ದು. ಕೇಳಿದ್ದೀರಾ ಎಲ್ಲಾದರೂ? ನಾನು ಕೂತು ಮಾಡಿಸಿದ್ದು. ಹೋದ ವಾರ ಶುರುವಾದ ಪ್ರಯೋಗದ ವರದಿಯೂ ಬಂದಿದೆ, ನಮ್ಮ ವಾರ್ಡಿನಲ್ಲಿ ಎಲ್ಲರ ಬೆನ್ನಿಗೂ 'ಸರಿ' ಎಂದಿದೆ, ಒಂದೂ ತಪ್ಪಿಲ್ಲ. ಸಾಹೇಬರು ಪರದೆಯ ಮೇಲೆ ತೋರಿಸಿದರು, ಎಲ್ಲ ಹಸಿರು.

ಸಂಘದ ಹೆಂಗಸರಿಗೆ ಇದು ಬೇಕಿಲ್ಲ. ಗುಡುಗಮ್ಮನ ಸುತ್ತ ಗುಂಪು ಕಟ್ಟಿಕೊಂಡು ನಾನು ಹೋದ ಕೂಡಲೇ ಬಾಯಿ ಮುಚ್ಚುತ್ತಾರೆ. ಥೂ, ಎಂಥ ಜನ! ಇವರಿಗಾಗಿ ಗಂಟಲು ಹರಿದುಕೊಳ್ಳಬೇಕಾ?

ಊಟದ ಹೊತ್ತಿಗೆ ಇದನ್ನೇ ಹೇಳುತ್ತಿದ್ದೆ. "ಮನೇಲೂ ಮೀಟಿಂಗ್ ನಡೆಸ್ತೀಯೇನೇ? ನಾನೂ ಕೈ ಎತ್ಬೇಕಾ?" ಎಂದರು ಮನೆಯವರು. ತಂಗಿ ನಗಲಿಲ್ಲ. ನಾನು ಬಂದು ಕೂತರೆ ಅವಳು ಎದ್ದು ಅಡುಗೆಮನೆಗೆ ಹೋಗುತ್ತಾಳೆ ಈಚೆಗೆ.

ಏಪ್ರಿಲ್ ೯, ಬುಧವಾರ

ಇವತ್ತಿನದನ್ನು ಬರೆದು ಮುಗಿಸಿಯೇ ಮಲಗುತ್ತೇನೆ.

ಸಂಜೆ ತಂಗಿ ರಜೆ ಹಾಕಿ ಬೇಗ ಬಂದಳು. ಶೂ ಕೂಡ ಬಿಚ್ಚದೆ ಅಡುಗೆಮನೆ ಬಾಗಿಲಲ್ಲಿ ನಿಂತಳು. ನಾನು ತರಕಾರಿ ಹೆಚ್ಚುತ್ತಿದ್ದೆ.

"ಕಂಡಕ್ಟರ್‌ಗೆ ಹುಣ್ಣಾಗಿದೆ ಅಕ್ಕ."

"ಎಲ್ಲಿ?"

"ಎಲ್ಲಿ ಆಗ್ಬಾರ್ದೋ ಅಲ್ಲಿ. ಸೊಂಟದ ಮೂಳೆ ಮೇಲೆ. ಡಾಕ್ಟ್ರು ಹೊರಳಿಸಿದ್ಮೇಲೆ ಗೊತ್ತಾಯ್ತು. ಒಳಗೆ ಮೂಳೆ ಕಾಣ್ತಿದೆ."

ವರದಿಯಲ್ಲಿ ಎಲ್ಲ ಸರಿ ಎಂದಿತ್ತಲ್ಲ ಎಂದೆ. ಅದಕ್ಕೆ ಅವಳು ಗೋಡೆಗೆ ಒರಗಿ ಕುಸಿದು ಕೂತಳು. "ಟ್ಯಾಬ್‌ನಲ್ಲಿ ನಾನೇ ಒತ್ತಿದೆ ಅಕ್ಕ, ಸರಿ ಅಂತ. ಎಲ್ರೂ ಒತ್ತಿದ್ವಿ. ಅದನ್ನ ಒತ್ತದೆ ಇದ್ರೆ ಮುಂದಿನ ರೋಗಿ ಹೆಸರೇ ಬರಲ್ಲ ಅದ್ರಲ್ಲಿ. ಒಬ್ಳೇ ಹೊರಳಿಸೋಕೆ ನೋಡ್ದೆ, ಅರ್ಧ ಹೊರಳಿಸೋಷ್ಟ್ರಲ್ಲಿ ಕೈ ಸೋತು ಬಿಟ್ಬಿಟ್ಟೆ. ನಾಳೆ ನೋಡೋಣ ಅಂದ್ಕೊಂಡೆ. ದಿನಾ ನಾಳೆ ಅಂದ್ಕೊಂಡೆ" ಎಂದು ಬಿಕ್ಕಿ ಬಿಕ್ಕಿ ಅತ್ತಳು.

ಅಳುವವಳನ್ನು ಅಪ್ಪಿಕೊಳ್ಳಬೇಕಿತ್ತು. ನನಗೆ ಮೊದಲು ಬಂದದ್ದು ಸಿಟ್ಟು. ನಾಡಿದ್ದು ಸಂಘದ ಸಭೆ, ಒಪ್ಪಂದ ಒಪ್ಪಿಗೆಗೆ ಬರುತ್ತದೆ. ಈಗಲೇ ಇದು ಆಗಬೇಕೇ? ಅದೂ ನಮ್ಮ ವಾರ್ಡಿನಲ್ಲಿ, ನನ್ನ ತಂಗಿಯ ಕೈಯಲ್ಲೇ!

"ಸಭೇಲಿ ನೀನೇ ಹೇಳ್ಬಿಡು ಅಕ್ಕ, ಇದು ಬೇಡ ಅಂತ" ಎಂದಳು.

"ಹುಚ್ಚುಚ್ಚಾಗಿ ಮಾತಾಡ್ಬೇಡ. ಡಬಲ್ ಡ್ಯೂಟಿ ಹೋಗೋದು ಬೇಡ್ವಾ ನಿಂಗೆ? ಬೇಜಾರಿನ ವಿಷ್ಯ, ಇಲ್ಲ ಅನ್ನಲ್ಲ. ಆದ್ರೆ ಒಂದು ಕೇಸ್ ಇಟ್ಕೊಂಡು ಪಾಲಿಸಿ ಮಾಡೋಕಾಗಲ್ಲ."

ಅವಳ ಅಳು ನಿಂತುಹೋಯಿತು. ನನ್ನ ಮುಖವನ್ನೇ ನೋಡಿದಳು. ವಾಂತಿಯ ತಟ್ಟೆಯ ಮುಂದೆಯೂ ಅವಳು ಹಾಗೆ ಮುಖ ಸಿಂಡರಿಸಿದ್ದನ್ನು ನಾನು ಕಂಡಿಲ್ಲ. "ಕೇಸ್ ಅಂತೀಯಲ್ಲ ಅಕ್ಕ, ಅವ್ನು ದಿನಾ ನಿನ್ನ ಕೇಳ್ತಾನೆ" ಎಂದು ಎದ್ದು ಹೋಗಿ ಬಾಗಿಲು ಹಾಕಿಕೊಂಡಳು.

ಸಣ್ಣ ಹುಡುಗಿ, ದೊಡ್ಡ ಚಿತ್ರ ಅವಳಿಗೆ ಕಾಣುವುದಿಲ್ಲ. ಹಾಗೆಂದು ನಾನು ನಿಷ್ಠುರವಾಗಿ ಏನೂ ಹೇಳಲಿಲ್ಲ. ಇದ್ದದ್ದನ್ನೇ ಹೇಳಿದೆ.

ಏಪ್ರಿಲ್ ೧೧, ಶುಕ್ರವಾರ

ಮಾನ ಹರಾಜಾಯಿತು.

ಸಭೆ ಕ್ಯಾಂಟೀನಿನಲ್ಲಿ. ಬೆಳಗಿನ ಪಾಳಿಯವರು, ಮಧ್ಯಾಹ್ನದವರು, ರಾತ್ರಿ ಮುಗಿಸಿ ಮಲಗದೇ ಬಂದವರು, ಎಲ್ಲ ತುಂಬಿದ್ದರು. ಬೆವರು, ಡೆಟಾಲ್, ಒದ್ದೆ ಸಾಕ್ಸ್ ಎಲ್ಲ ಸೇರಿ ಉಸಿರು ಕಟ್ಟುವಂತಿತ್ತು. ನಾನು ಮುಂದೆ ನಿಂತು ಒಪ್ಪಂದವನ್ನು ಸಾಲುಸಾಲಾಗಿ ವಿವರಿಸಿದೆ. ಡಬಲ್ ಡ್ಯೂಟಿ ರದ್ದು ಎಂದಾಗ ಚಪ್ಪಾಳೆ ಬಂತು. ಅರ್ಧ ಗಂಟೆಯ ವಿಷಯ ಬಂದಾಗ ಚಪ್ಪಾಳೆ ನಿಂತಿತು. ಪ್ರಯೋಗ ಯಶಸ್ವಿಯಾಗಿದೆ ಎಂದೆ.

ಹಿಂದಿನ ಸಾಲಿನಿಂದ ತಂಗಿ ಎದ್ದು ನಿಂತಳು.

"ನಾನು ಮೂಳೆ ವಾರ್ಡ್‌ನವಳು. ಬೆನ್ನು ನೋಡದೇನೇ ಸರಿ ಅಂತ ಒತ್ತಿದ್ದು ನಾನು" ಎಂದಳು. "ನನ್ನ ಕೆಲ್ಸ ಹೋದ್ರೂ ಹೋಗ್ಲಿ. ಒಬ್ರು ಮನೆಗೆ ಹೋಗ್ಬೇಕಿತ್ತು, ಈಗ ಹೋಗಲ್ಲ. ನನ್ನಿಂದ. ನಿಮ್ ಕೈಯಲ್ಲೂ ಇದನ್ನೇ ಒತ್ತಿಸ್ತಾರೆ, ಅಷ್ಟೇ ನಾನು ಹೇಳೋದು."

ಗುಡುಗಮ್ಮ ಎದ್ದು, ಯಾವತ್ತೂ ಇಲ್ಲದಷ್ಟು ಮೆಲ್ಲಗೆ, ಒಪ್ಪಿಗೆ ಇದ್ದವರು ಕೈ ಎತ್ತಿ ಎಂದಳು. ಅಲ್ಲೊಂದು ಇಲ್ಲೊಂದು ಕೈ. ಇಲ್ಲದವರು ಎಂದಾಗ ಕ್ಯಾಂಟೀನಿನ ತುಂಬ ಕೈ. ರಾತ್ರಿ ಪಾಳಿಯಿಂದ ಬಂದವರು, ಡಬಲ್ ಡ್ಯೂಟಿಯಲ್ಲಿ ಸತ್ತು ಸುಣ್ಣವಾದವರೂ ಎತ್ತಿದರು. ತಮ್ಮ ಕಾಲಿಗೆ ತಾವೇ ಕೊಡಲಿ ಹಾಕಿಕೊಳ್ಳುವವರಿಗೆ ಏನು ಹೇಳುವುದು? ಅಸಹ್ಯವಾಯಿತು ನನಗೆ. ನಾಲ್ಕು ಗೋಡೆಯ ಮಧ್ಯೆ ಮುಗಿಯುವುದನ್ನು ನನ್ನ ಒಡಹುಟ್ಟಿದವಳೇ ಬೀದಿಗೆ ತಂದಳು.

ಮಾತುಕತೆ ಮೊದಲಿನಿಂದ ಶುರುವಂತೆ. ನನ್ನ ಜಾಗಕ್ಕೆ ಬೇರೆಯವರು. "ನೀನು ಸ್ವಲ್ಪ ದಿನ ವಾರ್ಡಿಗೆ ಹೋಗಮ್ಮ" ಎಂದಳು ಆ ಗುಡುಗಮ್ಮ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೇಲ್ಮಹಡಿಗೆ ಹೋಗಿ ಸಾಹೇಬರಿಗೆ ಒಂದು ಮಾತು ಹೇಳಿ ಬರೋಣವೆಂದುಕೊಂಡೆ. ರೂಮಿನ ಬಾಗಿಲು ತೆರೆದಿತ್ತು. "ಏನ್ ಸಿಸ್ಟರ್?" ಎಂದರು, ಫೋನಿನಿಂದ ತಲೆ ಎತ್ತದೆ.

ಏಪ್ರಿಲ್ ೧೪, ಸೋಮವಾರ

ಬೆಳಿಗ್ಗೆಯಿಂದ ವಾರ್ಡ್. ಯಾರೂ ಏನೂ ಅನ್ನಲಿಲ್ಲ, ಕೆಲಸ ಕೊಟ್ಟರು, ಮಾಡಿದೆ. ಹೊಸ ಮಾತುಕತೆ ಮುಗಿಯುವ ತನಕ ಹಳೆಯ ಪದ್ಧತಿಯೇ ಇರಲಿ ಎಂದಾಗಿದೆ, ಹಾಗಾಗಿ ಅರ್ಧ ಗಂಟೆ ಮತ್ತೆ ಬಂದಿದೆ. ಎಷ್ಟು ದಿನಕ್ಕೋ. ಒಂದು ಬೆಡ್‌ಪ್ಯಾನ್ ಎತ್ತುವಾಗ ವಾಕರಿಕೆ ಬಂತು. ಇಷ್ಟು ವರ್ಷದ ಸರ್ವೀಸಿನಲ್ಲಿ ಮೊದಲ ಸಲ. ಖಾಲಿ ಹೊಟ್ಟೆಯಲ್ಲಿ ಬಂದದ್ದಕ್ಕಿರಬೇಕು.

ಕಂಡಕ್ಟರ್ ಹತ್ತಿರ ಒಬ್ಬಳೇ ಹೋಗಲಿಲ್ಲ. ಡ್ರೆಸ್ಸಿಂಗ್‌ಗೂ ಅವನಿಗೆ ಇಬ್ಬರು ಬೇಕು, ಹ್ಯಾಂಡೋವರ್‌ನಲ್ಲೇ ಆಗಲಿ ಎಂದು ಬಿಟ್ಟೆ. ಅವನು ಕಿಟಕಿ ಕಡೆ ಮುಖ ಮಾಡಿ ಒರಗಿದ್ದ. ನಾನು ಹಾದುಹೋದಾಗಲೆಲ್ಲ ಅವನಿಗೆ ಗೊತ್ತಾಗುತ್ತಿತ್ತು ಎಂದು ಕಾಣುತ್ತದೆ.

ಮಧ್ಯಾಹ್ನ ತಂಗಿ ಬಂದಳು. ಅವಳ ಮೇಲೆ ವಿಚಾರಣೆ ಇದೆ, ಅದು ಮುಗಿಯುವವರೆಗೆ ಡ್ಯೂಟಿ ಮಾಡಬಹುದಂತೆ. ಮನೆಯಲ್ಲಿ ಮಾತಿಲ್ಲ, ಇಲ್ಲಿ ಕೆಲಸದ ಮಾತು. ಹಾಸಿಗೆಯಿಂದ ಹಾಸಿಗೆಗೆ ಹೋದೆವು. ಅವಳು ಕೇಳಿದಳು, ನಾನು ಹೇಳಿದೆ. ಕೊನೆಗೆ ಕಿಟಕಿ.

"ಓಹೋ! ನಮ್ಮ ಸಿಸ್ಟರ್ ವಾಪಸ್ ಬಂದ್ರು!" ಎಂದ ಕಂಡಕ್ಟರ್. ಮುಖ ಇಳಿದಿತ್ತು, ಜ್ವರವಿತ್ತು. "ನೀವಿದ್ರೆ ಇದು ಆಗ್ತಿರ್ಲಿಲ್ಲ ಅಂತ ಎಲ್ರಿಗೂ ಹೇಳ್ತಿದ್ದೆ. ಎಲ್ಲಿ ಹೋಗಿದ್ರಿ?"

ಇಬ್ಬರೂ ಆಚೆ ಈಚೆ ನಿಂತೆವು.

"ಹೋಲ್ಡಾನ್" ಎಂದ. ಮೊದಲಿನಂತೆ ಕೂಗಲಿಲ್ಲ.

ಈ ಸಲ ಅವಳು ಎಳೆದು ಹಿಡಿದುಕೊಂಡಳು, ಹಿಂದಿನಿಂದ ಆತುಕೊಂಡು ನೋಡುವುದು ನನ್ನ ಪಾಲಿಗೆ ಬಂತು. ಒಂದು ಕೈಯನ್ನು ಅವನ ಸೊಂಟದ ಕೆಳಗೆ ಕೊಟ್ಟು ಇನ್ನೊಂದರಿಂದ ಬ್ಯಾಂಡೇಜು ಬಿಚ್ಚಿದೆ. ಮುಷ್ಟಿ ಹೋಗುವಷ್ಟು ಗುಳಿ. ಅಂಚು ಕಪ್ಪು, ಒಳಗೆ ಹಳದಿ ಕೊಳೆ, ತಳದಲ್ಲಿ ಬೆಳ್ಳಗೆ ಮೂಳೆ. ವಾಸನೆ ಬಂದು ಗಂಟಲೊಳಗೆ ಕೂತಿತು. ಬಾಗಿಲಲ್ಲೇ ನನಗೆ ಗೊತ್ತಾಗುತ್ತದೆ ಎಂದು ಹೇಳಿಕೊಂಡು ತಿರುಗುತ್ತಿದ್ದ ವಾಸನೆ. 'ಆಮೇಲ್ ಬರ್ತೀನಪ್ಪ' ಎಂದು ಕೈ ಬೀಸಿ ಹೋದ ದಿನ ಇದು ಅಂಗೈಯಷ್ಟು ಕೆಂಪಗಿದ್ದಿರಬೇಕು. ಅವತ್ತು ನೋಡಿದ್ದರೆ ಎರಡು ವಾರ ಒತ್ತು ಬೀಳದಂತೆ ಮಲಗಿಸಿ ಉಳಿಸಬಹುದಿತ್ತು.

ಯಾವಾಗ ಅವನ ಸೊಂಟದಿಂದ ಕೈ ತೆಗೆದೆನೋ, ಗ್ಲೌಸ್ ಕಿತ್ತು ಜೇಬಿಗೆ ಕೈ ಹಾಕಿದೆನೋ, ನನಗೆ ಗೊತ್ತಿಲ್ಲ. ನೋಡಿಕೊಂಡಾಗ ಆ ಲಿಂಬೆ ಟಿಶ್ಯೂ ನನ್ನ ಮೂಗಿನ ಮೇಲಿತ್ತು.

"ಏನ್ ಸಿಸ್ಟರ್, ವಾಸ್ನೆ ಬರ್ತಿದ್ಯಾ?" ಎಂದ ಅವನು, ಮುಖ ಆಚೆ ಇದ್ದುದರಿಂದ ನನ್ನನ್ನು ಕಾಣದೆ. "ನಂಗೇನೂ ಗೊತ್ತಾಗ್ತಿಲ್ಲ ನೋಡಿ. ಯಾರೋ ಲಿಂಬೆಹಣ್ಣು ಸುಲಿದ ಹಾಗಿದೆ, ಅಷ್ಟೇ. ಗಾಲಿಕುರ್ಚಿ ಇನ್ನೆಷ್ಟು ದಿನ ಆಗ್ಬಹುದು ಸಿಸ್ಟರ್?"

ತಂಗಿಯ ತೋಳು ಭಾರಕ್ಕೆ ನಡುಗುತ್ತಿತ್ತು. ಹಾಸಿಗೆಯ ಆಚೆಯಿಂದ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಮೊನ್ನೆಯ ಹೇಸಿಗೆ ಇರಲಿಲ್ಲ, ಕೋಪವೂ ಇರಲಿಲ್ಲ.

"ಅಕ್ಕ, ಅದನ್ನ ಬಿಸಾಕು" ಎಂದಳು. "ಆ ಕೈನೂ ಬೇಕು."

ಬಿಸಾಕಿದೆ. ಕೈ ತೊಳೆದು, ಬೇರೆ ಗ್ಲೌಸ್ ಹಾಕಿ, ಸೊಂಟದ ಕೆಳಗೆ ಮತ್ತೆ ಕೈ ಕೊಟ್ಟೆ. ವಾಸನೆ ಬಂತು. ಬರಲಿ ಎಂದು ಉಸಿರೆಳೆದುಕೊಂಡೆ.

"ರೈಟ್ ಹೇಳ್ಲಾ ಸಿಸ್ಟರ್?" ಎಂದು ಕೇಳಿದ.

"ಇನ್ನೂ ಇಲ್ಲಪ್ಪ" ಎಂದೆ. "ಇನ್ನೂ ನೋಡ್ತಿದೀನಿ."